ಟೈಲರಕ್ಕನ ಮಧ್ಯಾಹ್ನಗಳು

ಟೈಲರಕ್ಕನ ಕೈಗೆ ಒಂದು ವಸ್ತು ಹೋಯಿತೆಂದರೆ ಬ್ಯಾಂಕಿನ ಲಾಕರಿಗೆ ಹೋದ ಹಾಗೆ ಎಂದು ಓಣಿಯವರು ಹೇಳುತ್ತಿದ್ದರು. ಹೊಲಿಯಲು ಕೊಟ್ಟ ಬಟ್ಟೆಗೆ ಬಿಸಿಲು ತಾಗಬಾರದು, ಬಣ್ಣ ಮಾಸುತ್ತದೆ. ಗೋಡೆಗೆ ಒರಗಬಾರದು, ಸುಣ್ಣ ಅಂಟುತ್ತದೆ. ಮೊಳೆಗೆ ನೇತುಹಾಕಲೇಬಾರದು, ಹೆಗಲು ಜೋತುಬೀಳುತ್ತದೆ. ಹಾಗಾಗಿ ಪರರ ವಸ್ತು ಏನೇ ಇರಲಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಂಚದ ಕೆಳಗಿನ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿಸುವುದು ಅವಳ ಪದ್ಧತಿ. ಕಸುಬು ಹಿಡಿದ ಹೊಸತರಲ್ಲಿ ಯಾರದೋ ನೀಲಿ ಅಂಗಿಯನ್ನು ಕಿಟಕಿಯ ಪಕ್ಕ ಮರೆತಿದ್ದಕ್ಕೆ, ಒಂದು ತೋಳು ನೀಲಿ, ಇನ್ನೊಂದು ತೋಳು ಬೂದಿ ಆಗಿತ್ತು. ಅಂದು ಕೇಳಿಸಿಕೊಂಡ ಬೈಗುಳ ಇಂದಿಗೂ ಅವಳಿಗೆ ಬಾಯಿಪಾಠ.

ಅವಳದು ಒಂದೇ ಕೋಣೆಯ ಶೀಟಿನ ಮನೆ. ಬಾಗಿಲ ಪಕ್ಕ ಮಷೀನು, ಅದರ ಹಿಂದೆ ಮಂಚ, ಮೂಲೆಯಲ್ಲಿ ಒಲೆ. ಗಂಡ ಲಾರಿ ಓಡಿಸುತ್ತಾನೆ. ಅವನು ಮನೆಗೆ ಬರುವುದು ನೆಂಟರು ಬಂದ ಹಾಗೆ. ಉಳಿದಂತೆ ಅವಳು, ಅವಳ ಅತ್ತೆ, ಮಷೀನು. ಬೇಸಿಗೆಯ ಮಧ್ಯಾಹ್ನ ತಲೆಯ ಮೇಲಿನ ಶೀಟು ಟಕ್ ಟಕ್ ಎಂದು ಸಿಡಿಯುತ್ತಿತ್ತು. ಫ್ಯಾನು ತಿರುಗುತ್ತಿತ್ತು ನಿಜ, ಆದರೆ ಮೇಲಿದ್ದ ಬೆಂಕಿಯನ್ನು ಕೆಳಗೆ ಸಮನಾಗಿ ಹಂಚುವುದಷ್ಟೇ ಅದರ ಉದ್ಯೋಗ. ಹಣೆಯ ಬೆವರು ಬಟ್ಟೆಯ ಮೇಲೆ ಬಿದ್ದರೆ ಕಲೆ. ಆದ್ದರಿಂದ ಊಟದ ಹೊತ್ತಿಗೆ ಮಷೀನು ಮುಚ್ಚಿದರೆ, ಹಿಂದಿನ ಕಟ್ಟಡದ ನೆರಳು ಓಣಿಗೆ ಬರುವ ತನಕ ಅದನ್ನು ಮುಟ್ಟುವಂತಿರಲಿಲ್ಲ.

ಕಷ್ಟವೆಂದರೆ, ವರ್ಷದ ದೊಡ್ಡ ಕೆಲಸ ಬರುವುದೇ ಬೇಸಿಗೆಯ ಕೊನೆಯ ತಿಂಗಳಲ್ಲಿ. ಶಾಲೆ ತೆರೆಯುವ ಮುಂಚೆ ಯೂನಿಫಾರ್ಮು. ಕಡಲೆ ಬಂದಾಗ ಹಲ್ಲಿಲ್ಲ ಎನ್ನುವುದು ಅವಳ ಪಾಲಿಗೆ ಗಾದೆಯಾಗಿರಲಿಲ್ಲ, ಪ್ರತಿ ವರ್ಷದ ಅನುಭವವಾಗಿತ್ತು. "ಇನ್ನೂ ಆಗಿಲ್ವಾ" ಎಂದು ಕೇಳಿ ಕೇಳಿ ಬೇಸತ್ತ ತಾಯಂದಿರು ಮುಖ್ಯರಸ್ತೆಯ ಟೈಲರ್ ಕಡೆಗೆ ತಿರುಗಿದರು. ಹೋದ ಬೇಸಿಗೆ ಅರ್ಧದಷ್ಟು ಮಂದಿ ಹೋದರು. ಈ ಸಲ ಉಳಿದರ್ಧವೂ ಹೋದರೆ ಮಷೀನಿನ ಮೇಲೆ ಹೂಕುಂಡ ಇಡಬಹುದು ಎಂದು ಅವಳೇ ನಗುತ್ತಿದ್ದಳು. ನಗು ತುಟಿಯಿಂದ ಒಳಗೆ ಇಳಿಯುತ್ತಿರಲಿಲ್ಲ.

ಅತ್ತೆಗೆ ಆ ಕೋಣೆಯಲ್ಲಿ ತಲೆ ಸುತ್ತು ಬರುತ್ತಿತ್ತು. ಅವರು ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು. ಗಾಜಿನ ಬಾಗಿಲು ತೆರೆದಾಗಲೆಲ್ಲ ಒಂದು ಬೊಗಸೆ ತಂಪು ಹೊರಗೆ ಬರುತ್ತಿತ್ತು. ಸುಮ್ಮನೆ ಕೂತರೆ ಅಂಗಡಿಯವನು ಏನಂದುಕೊಂಡಾನು ಎಂದು ದಿನಕ್ಕೊಂದು ಕಾಯಿಲೆ ವಿಚಾರಿಸುತ್ತಿದ್ದರು. ಇಂದು ಮಂಡಿ ನೋವು, ನಾಳೆ ಎದೆ ಉರಿ. ಆರೋಗ್ಯವಂತ ಮುದುಕಿಗೆ ಊರಿನ ರೋಗವೆಲ್ಲ ಗೊತ್ತಾಯಿತು.

ಹೀಗಿರುವಾಗ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಕಾಲೇಜಿನ ವಿದ್ಯಾರ್ಥಿನಿ. ಕೈಯಲ್ಲೊಂದು ಚೀಲ, ಚೀಲದಲ್ಲಿ ಸೋಪಿನ ಬಿಲ್ಲೆಯಷ್ಟು ಗಾತ್ರದ ಬಿಳಿ ಡಬ್ಬಿಗಳು.

"ಅಕ್ಕ, ನಮ್ದೊಂದು ಪ್ರಾಜೆಕ್ಟ್. ಊರಲ್ಲಿ ಯಾವ ಮನೆಗಳು ಜಾಸ್ತಿ ಕಾಯ್ತವೆ ಅಂತ ನೋಡ್ತಿದೀವಿ. ಈ ಡಬ್ಬಿ ಮನೇಲಿದ್ರೆ ಸಾಕು, ಸೆಕೆ ಎಷ್ಟಿದೆ ಅಂತ ಅದೇ ನೆನಪಿಟ್ಕೊಳ್ಳತ್ತೆ."

"ಅಳೆದು ಏನ್ಮಾಡ್ತೀರಿ?"

"ಬಿಸಿಲನ್ನ ವಾಪಸ್ ಕಳಿಸೋ ಬಿಳಿ ಬಣ್ಣ ಬಂದಿದೆ, ಶೀಟಿಗೆ ಬಳಿಯೋದು. ಒಂದು ಓಣಿಗೆ ಆಗೋಷ್ಟೇ ಇದೆ. ನಿಮ್ಮ ಓಣಿಗೋ, ತರಕಾರಿ ಮಾರ್ಕೆಟ್ ಹಿಂದಿನ ಓಣಿಗೋ ಅಂತ ಈ ಡಬ್ಬಿನೇ ಹೇಳ್ಬೇಕು."

ಟೈಲರಕ್ಕನ ಕಣ್ಣು ಮಷೀನಿನ ಕಡೆಗೆ ಹೋಯಿತು. "ಒಳಗೆ ಬಾರಮ್ಮ, ನೀರಾದ್ರೂ ಕುಡಿ."

"ಬೇಡ ಅಕ್ಕ, ನಿಮ್ಗೆ ಯಾಕೆ ತೊಂದ್ರೆ. ಇದನ್ನ ಸ್ವಲ್ಪ ಜೋಪಾನ ಮಾಡಿ. ಕಾಲೇಜಿಂದು."

ಹುಡುಗಿ ಹೊಸ್ತಿಲು ದಾಟಲಿಲ್ಲ. ಬಡವರ ಮನೆಯೊಳಗೆ ನುಗ್ಗಿ ಫೋಟೋ ಹೊಡೆದುಕೊಂಡು ಹೋಗುವವರ ಸಾಲಿಗೆ ತಾನು ಸೇರಬಾರದು ಎಂಬುದು ಅವಳ ಹಟ. ಆ ಓಣಿಯ ಒಂದು ಮನೆಯನ್ನೂ ಅವಳು ಒಳಗಿನಿಂದ ನೋಡಲಿಲ್ಲ. ಉಳಿದ ಡಬ್ಬಿಗಳನ್ನೂ ಟೈಲರಕ್ಕನಿಗೇ ಕೊಟ್ಟು, "ನೀವು ಹೇಳಿದ್ರೆ ಎಲ್ಲರೂ ಕೇಳ್ತಾರಂತೆ" ಎಂದಳು.

ಕೇಳುತ್ತಾರೆ ಎಂದರೆ ಹೇಗೆ ಕೇಳಿದರು! ಟೈಲರಕ್ಕ ಮನೆಮನೆಗೆ ಹೋಗಿ ಡಬ್ಬಿ ಕೊಟ್ಟು, ಜೊತೆಗೆ ತನ್ನ ಪದ್ಧತಿಯನ್ನೂ ಕೊಟ್ಟಳು. "ಬಿಸಿಲು ತಾಗಿಸ್ಬೇಡಿ. ಒಲೆ ಹತ್ರ ಬೇಡ. ತಂಪಾಗಿರೋ ಜಾಗದಲ್ಲಿ ಬಟ್ಟೆ ಸುತ್ತಿ ಇಡಿ. ಏನಾದ್ರೂ ಆದ್ರೆ ಪಾಪ, ಆ ಹುಡುಗಿ ತಲೆ ಮೇಲೆ ಬರತ್ತೆ." ತನ್ನ ಡಬ್ಬಿಯನ್ನು ಮೆತ್ತನೆಯ ಎರಡು ಸುತ್ತು ಹತ್ತಿಯಲ್ಲಿಟ್ಟು ಟ್ರಂಕಿನ ತಳದಲ್ಲಿ ಮಲಗಿಸಿದಳು. ಹುಡುಗಿ ವಾಪಸ್ ಕೇಳಲು ಬಂದ ದಿನ ಎಲ್ಲ ಡಬ್ಬಿಗಳನ್ನೂ ಒರೆಸಿ, ತಟ್ಟೆಯಲ್ಲಿ ಜೋಡಿಸಿ, ಬಾಗಿಲಿಗೇ ತಂದುಕೊಟ್ಟಳು. ಒಂದಕ್ಕೂ ಗೀರಿಲ್ಲ.

ವಾರ ಕಳೆದ ಮೇಲೆ ಹುಡುಗಿ ಮತ್ತೆ ಬಂದಳು. ಮುಖ ಬಾಡಿತ್ತು. ಬಾಗಿಲಲ್ಲೇ ನಿಂತು ಏನೋ ಹೇಳಲು ಹೊರಟಾಗ, ಔಷಧಿ ಅಂಗಡಿಯಿಂದ ಬರುತ್ತಿದ್ದ ಅತ್ತೆ ಹಿಂದಿನಿಂದ ಅವಳ ಬೆನ್ನಿಗೆ ಕೈ ಹಾಕಿ ಒಳಗೆ ತಳ್ಳಿದರು. "ಹೊಸ್ತಿಲಲ್ಲೇ ನಿಂತು ಮಾತಾಡೋಕೆ ನೀನೇನು ಮೀಟರ್ ಓದೋನಾ? ಕೂತ್ಕೊ."

ಅವಳು ಮಂಚದ ಅಂಚಿನಲ್ಲಿ ಕೂತಳು. ನಡುಮಧ್ಯಾಹ್ನ. ಸ್ವಲ್ಪ ಹೊತ್ತಿನಲ್ಲೇ ಕನ್ನಡಕ ಮೂಗಿನಿಂದ ಜಾರತೊಡಗಿತು. ತಳ್ಳಿದಳು, ಜಾರಿತು. ಮತ್ತೆ ತಳ್ಳಿದಳು.

"ಅಕ್ಕ, ಬಣ್ಣ ಮಾರ್ಕೆಟ್ ಹಿಂದಿನ ಓಣಿಗೆ ಅಂತಾಯ್ತು. ನಿಮ್ಮ ಓಣಿ ತಂಪಾಗಿದೆ ಅಂತ ಬಂದಿದೆ."

"ಏನಾಗಿದೆ?" ಎಂದರು ಅತ್ತೆ.

"ತಂಪಾಗಿದೆ."

ಅತ್ತೆ ಸೆರಗಿನಿಂದ ಕತ್ತು ಒರೆಸಿಕೊಂಡು ಸೊಸೆಯ ಮುಖ ನೋಡಿದರು. "ಹಾಗಾದ್ರೆ ನನಗೇ ಜ್ವರ ಇರ್ಬೇಕು. ಅಂಗಡಿಯವನಿಗೆ ಇದೊಂದು ಹೇಳಿರ್ಲಿಲ್ಲ."

ಹುಡುಗಿ ಮೊಬೈಲಿನಲ್ಲಿ ಸೆಕೆಯ ಎರಡು ಗೆರೆ ತೋರಿಸಿದಳು. ಮಾರ್ಕೆಟ್ ಹಿಂದಿನ ಓಣಿಯದು ಗುಡ್ಡ ಹತ್ತಿ ಇಳಿದಂತಿತ್ತು. ಇವರದು ಊಟ ಮಾಡಿ ಅಡ್ಡಾದವರ ಹಾಗೆ ಅಲ್ಲಾಡದೆ ಮಲಗಿತ್ತು. "ನಂಗೂ ನಂಬೋಕಾಗ್ತಿಲ್ಲ ಅಕ್ಕ. ಇಲ್ಲಿ ಕೂತ್ಮೇಲಂತೂ… ಡಬ್ಬಿನ ಎಲ್ಲಿ ನೇತುಹಾಕಿದ್ರಿ?"

"ನೇತುಹಾಕೋದಾ?" ಟೈಲರಕ್ಕನಿಗೆ ಆ ಮಾತು ಕೇಳಿಯೇ ಮೈ ಜುಮ್ಮೆಂದಿತು. "ಮೊಳೆಗಾ? ಬಿದ್ದು ಒಡೆದ್ರೆ? ಬಾ ಇಲ್ಲಿ." ಮಂಚದ ಕೆಳಗಿನಿಂದ ಟ್ರಂಕು ಎಳೆದು, ಮುಚ್ಚಳ ತೆಗೆದು, ಡಬ್ಬಿ ಮಲಗಿದ್ದ ಜಾಗವನ್ನು ತೋರಿಸಿದಳು. ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. "ರೇಷ್ಮೆ ಬಟ್ಟೆನೂ ಹೀಗೆ ಇಟ್ಟಿಲ್ಲ ನಾನು."

ಹುಡುಗಿ ಟ್ರಂಕಿನೊಳಗೆ ನೋಡಿದಳು. ನುಸಿಗುಳಿಗೆ ವಾಸನೆ ಗಪ್ಪೆಂದು ಬಂತು. ಕೈಯನ್ನು ಒಳಗಿಟ್ಟಳು, ಆಮೇಲೆ ಮೇಲಕ್ಕೆತ್ತಿ ಶೀಟಿನ ಕಡೆಗೆ ಹಿಡಿದಳು. ಒಳಗೆ ತಂಪು, ಮೇಲೆ ಕಾವು. ಹೇಳುವುದು ಬೇಕಿರಲಿಲ್ಲ. ಟೈಲರಕ್ಕನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಬೇರೆಯವರೂ…?"

"ನಾನೇ ಹೇಳಿದ್ದು," ಎಂದಳು ಟೈಲರಕ್ಕ. "ಇಸ್ತ್ರಿಯವನು ಹಿಟ್ಟಿನ ಡಬ್ಬೀಲಿ ಇಟ್ಟಿದ್ದ. ಫ್ರಿಜ್ಜಕ್ಕ ಫ್ರಿಜ್ಜಲ್ಲಿ."

ಓಣಿಯಲ್ಲಿ ಫ್ರಿಜ್ಜು ಇದ್ದದ್ದು ಒಂದೇ ಮನೆಗೆ, ಆ ಮನೆಯಾಕೆಗೆ ಹಾಗೆ ಹೆಸರು. ಹುಡುಗಿ ಹಣೆ ಒತ್ತಿಕೊಂಡು, "ಆ ಡಬ್ಬಿನ ಕೆಟ್ಟಿದೆ ಅಂತ ಲೆಕ್ಕದಿಂದ ಬಿಟ್ಬಿಟ್ಟಿದ್ದೆ" ಎಂದಳು. ಮೊದಲು ನಕ್ಕದ್ದು ಅತ್ತೆ. ಆಮೇಲೆ ಹುಡುಗಿ. ಟೈಲರಕ್ಕ ನಗಲಿಲ್ಲ.

"ತಪ್ಪು ನಂದೂ ಇದೆ," ಎಂದಳು ಹುಡುಗಿ. "ಒಂದ್ಸಲ ಒಳಗೆ ಬಂದು ಮೊಳೆ ತೋರಿಸಿದ್ರೆ ಮುಗೀತಿತ್ತು."

"ಮರ್ಯಾದೆ ಜಾಸ್ತಿ ಆಗಿ ಕೆಟ್ರಿ ಇಬ್ರೂ," ಎಂದರು ಅತ್ತೆ. "ಈಗೇನು, ಮತ್ತೊಂದ್ಸಲ ಅಳೀರಿ."

ಕಾಲೇಜಿನ ಮೇಡಂ ಇನ್ನೊಂದು ವಾರ ಕೊಟ್ಟರು. ಬಣ್ಣದ ಡ್ರಮ್ಮುಗಳನ್ನು ಅಲ್ಲಿಯವರೆಗೆ ತೆರೆಯುವುದಿಲ್ಲ ಎಂದರು. ಈ ಸಲ ಹುಡುಗಿ ಪ್ರತಿ ಮನೆಯ ಒಳಗೂ ಬಂದಳು, ಟೈಲರಕ್ಕ ಜೊತೆಗಿದ್ದಳು. ಇಸ್ತ್ರಿಯವನು ಬಾಗಿಲಲ್ಲೇ ಶುರುಮಾಡಿದ. "ಅವತ್ತು ಬಚ್ಚಿಡಿ ಅಂದ್ರಿ, ಇವತ್ತು ತೂಗಾಕಿ ಅಂತೀರಿ. ನಾಳೆ ತೊಟ್ಟಿಲು ಕಟ್ಟಿ ಅಂದ್ರೆ ಅದನ್ನೂ ಈಗ್ಲೇ ಹೇಳ್ಬಿಡಿ." ಬೈಯುತ್ತಲೇ ತಾನೇ ಮೊಳೆ ಹೊಡೆದುಕೊಟ್ಟ.

ಫ್ರಿಜ್ಜಕ್ಕ ಮಾತ್ರ ಒಪ್ಪಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದರು. "ನಮ್ಮನೇಲಿ ಗಾಳಿ ಬೆಳಕು ಚೆನ್ನಾಗಿದೆ ಅಂತ ಮೊನ್ನೆ ತಾನೇ ಗಂಡಿನ ಕಡೆಯವರಿಗೆ ಹೇಳಿದೀನಿ. ನೀವು ಬಂದು, ಇದು ಬೇಯಿಸೋ ಪಾತ್ರೆ ಅಂತ ಕಾಲೇಜಲ್ಲಿ ಬೋರ್ಡ್ ಹಾಕಿದ್ರೆ?"

"ಮನೆ ಗುರುತು ಎಲ್ಲೂ ಇರಲ್ಲ ಆಂಟಿ," ಎಂದಳು ಹುಡುಗಿ. "ಓಣಿದು ಮಾತ್ರ."

"ನನ್ನ ಮಾತಿಗೆ ಹಾಕು ಕಣೇ," ಎಂದಳು ಟೈಲರಕ್ಕ. "ಬಣ್ಣ ಬಂದ್ರೆ ನಿನ್ನ ಮನೆಗೂ ತಾನೇ."

ಆ ಮಾತಿನ ಮೇಲೆ ಫ್ರಿಜ್ಜಕ್ಕ ಒಪ್ಪಿದಳು.

ಡಬ್ಬಿ ನೇತುಬಿದ್ದ ಮರುದಿನವೇ ಮೋಡ. ಎರಡು ದಿನ ತಣ್ಣನೆ ಗಾಳಿ. ಊರೆಲ್ಲ ಹಾಯಾಗಿ ಉಸಿರಾಡಿತು, ಟೈಲರಕ್ಕ ಮಾತ್ರ ಬಾಗಿಲಿಗೆ ಬಂದು ಬಂದು ಆಕಾಶವನ್ನು ನೋಡಿದಳು. "ಬಿಸಿಲು ಬರ್ಲಪ್ಪ ಅಂತ ಹರಕೆ ಹೊರೋ ಮುಖ ನೋಡು," ಎಂದು ಅತ್ತೆ ಛೇಡಿಸಿದರು. ಮೂರನೆಯ ದಿನ ಸೂರ್ಯ ರಜೆ ಮುಗಿಸಿ ಬಂದವನಂತೆ ಕೆಲಸಕ್ಕಿಳಿದ. ಶೀಟು ಟಕ್ಕೆಂದಾಗ, ಬೆವರು ಸುರಿಯುತ್ತಿದ್ದರೂ, ಟೈಲರಕ್ಕನಿಗೆ ಒಂದು ಬಗೆಯ ಸಮಾಧಾನವಾಯಿತು.

ಈ ಸಲ ಗೆರೆ ಗುಡ್ಡ ಹತ್ತಿತು. ಮಾರ್ಕೆಟ್ ಹಿಂದಿನವರ ಗುಡ್ಡದಷ್ಟೇ ಎತ್ತರ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೇಡಂ ಸ್ವತಃ ಬಂದು ಮಂಚದ ಮೇಲೆ ಕೂತು, ಬೀಸಣಿಗೆ ಕೇಳಿ ತೆಗೆದುಕೊಂಡರು. "ಅವರಿಗೆ ಕೊಡ್ತೀವಿ ಅಂದಾಗಿದೆ. ಈಗ ಕಿತ್ಕೊಂಡು ನಿಮಗೆ ಕೊಟ್ರೆ ಅದು ಯಾವ ನ್ಯಾಯ?"

"ಕಿತ್ಕೊಳ್ಳೋದು ಬೇಡ," ಎಂದಳು ಟೈಲರಕ್ಕ. ಒಂದು ಗಳಿಗೆ ಬೇಕು ಎನ್ನಿಸಿದ್ದೂ ಸುಳ್ಳಲ್ಲ.

ಕನ್ನಡಕದ ಹುಡುಗಿ ಕಾಲೇಜಿನಲ್ಲಿ ಏನು ವಾದ ಮಾಡಿದಳೋ, ಕೊನೆಗೆ ಬಣ್ಣವನ್ನು ಎರಡೂ ಓಣಿಗೆ ಹಂಚುವುದೆಂದಾಯಿತು. ಮಧ್ಯಾಹ್ನ ಯಾರು ಮನೆಯೊಳಗೇ ಇರಬೇಕೋ, ಅಂದರೆ ಮುದುಕರು, ಹಸುಗೂಸು, ಮನೆಯಲ್ಲೇ ದುಡಿಯುವವರು, ಅವರ ಶೀಟಿಗೆ ಮೊದಲು. ಉಳಿದವರಿಗೆ ಬಣ್ಣ ಇನ್ನೊಮ್ಮೆ ಬಂದರೆ. ಟೈಲರಕ್ಕನ ಮನೆಗೆ ಸಿಕ್ಕಿತು. ಇಸ್ತ್ರಿಯವನಿಗೂ ಸಿಕ್ಕಿತು. ಫ್ರಿಜ್ಜಕ್ಕನಿಗೆ ಸಿಗಲಿಲ್ಲ. ಅವಳೂ ಮಗಳೂ ಹಗಲೆಲ್ಲ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದರು.

ಈ ಸುದ್ದಿ ಹೇಳಲು ಹುಡುಗಿ ಹೊರಟಾಗ ಟೈಲರಕ್ಕ ತಡೆದಳು. "ಮಾತು ಕೊಟ್ಟೋಳು ನಾನು. ನಾನೇ ಹೋಗ್ತೀನಿ."

ಫ್ರಿಜ್ಜಕ್ಕ ಅಂಗಡಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. ನೀರು ಸುರಿಯುತ್ತಲೇ ಇತ್ತು. "ಅಂದ್ರೆ ಸುಡೋದು ನಮ್ಮನೆನೂ ಸುಡತ್ತೆ, ಸುಡೋ ಹೊತ್ತಲ್ಲಿ ನಾವಿರಲ್ಲ ಅಂತ ಬಿಟ್ರು."

"ಹೂಂ. ನಿಂಗೂ ಬರತ್ತೆ ಅಂದಿದ್ದೆ, ಬರ್ಲಿಲ್ಲ. ಬೈಯೋದಿದ್ರೆ ಬೈದ್ಬಿಡು."

"ಬೈದ್ರೆ ಶೀಟು ತಣ್ಣಗಾಗತ್ತಾ?" ಅವಳು ನಲ್ಲಿ ನಿಲ್ಲಿಸಿದಳು. "ವಾರಕ್ಕೊಂದಿನ ನಂಗೆ ರಜೆ. ಅವತ್ತು ಊಟ ಆದ್ಮೇಲೆ ನಿನ್ನ ಮನೇಲಿ ಬಂದು ಬೀಳ್ತೀನಿ. ಜಾಗ ಇಡು."

ಬಣ್ಣ ಬಳಿಯಲು ವಿದ್ಯಾರ್ಥಿಗಳೇ ಏಣಿ ಹತ್ತಿದರು. ಕೆಳಗೆ ಇಳಿಯುವಾಗ ಕನ್ನಡಕದ ಹುಡುಗಿಯ ಮೂಗು, ಕಿವಿ, ಚಪ್ಪಲಿ ಎಲ್ಲ ಬಿಳಿ. ಎದುರು ಮಹಡಿಯವರು ಕಣ್ಣಿಗೆ ಹೊಡೆಯುತ್ತದೆ ಎಂದು ದೂರಿ, ಪರದೆ ಹೊಲಿಸಲು ಟೈಲರಕ್ಕನ ಹತ್ತಿರವೇ ಬಂದರು.

ಮನೆ ತಣ್ಣಗಾಗಲಿಲ್ಲ, ಸುಡುವುದನ್ನು ನಿಲ್ಲಿಸಿತು, ಅಷ್ಟೇ. ಅಷ್ಟು ಸಾಕಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿ, ಟೈಲರಕ್ಕ ಮಷೀನಿನ ಮುಚ್ಚಳ ತೆಗೆದಳು. ಯೂನಿಫಾರ್ಮಿನ ನೀಲಿ ಬಟ್ಟೆ ಸೂಜಿಯ ಕೆಳಗೆ ಹರಿಯಿತು. ಹಣೆ ಮುಟ್ಟಿ ನೋಡಿಕೊಂಡಳು, ಕೈಗೆ ಹತ್ತಿದ್ದು ಬರೀ ತೇವ. ಕಾಲು ವೇಗ ಹಿಡಿಯಿತು.

"ಏ ಇವಳೇ, ನಿಲ್ಸು ಅದನ್ನ."

ಮಂಚದ ಮೇಲೆ ಅತ್ತೆ. ಅವರು ಇಂದು ಔಷಧಿ ಅಂಗಡಿಗೆ ಹೋಗಿರಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಹಗಲು ನಿದ್ದೆಗೆ ಕಾಲು ಚಾಚಿದ್ದರು.

"ಶಾಲೆ ತೆರೆಯೋಕೆ ಬಂತು ಅತ್ತೆ. ಇಷ್ಟು ದಿನ ಕಾದಿದ್ದೇ ಇದಕ್ಕೆ."

"ನಾನು ಇನ್ನೇತಕ್ಕೆ ಕಾದಿದ್ದೆ? ಈ ಗಿರಣಿ ಕೇಳೋಕಾ?"

ಟೈಲರಕ್ಕ ಮಷೀನಿನಿಂದ ಎದ್ದು, ಕಾಲರು, ಗುಂಡಿ, ಅಂಚು ಎಂದು ಕೈಹೊಲಿಗೆಯನ್ನೆಲ್ಲ ಒಂದು ಕಡೆ ಎತ್ತಿಕೊಂಡಳು. "ಒಂದು ಗಂಟೆ ಕೊಡ್ತೀನಿ. ಅಷ್ಟರಲ್ಲಿ ಎಷ್ಟು ನಿದ್ದೆ ಮಾಡ್ತೀರೋ ಮಾಡ್ಕೊಳ್ಳಿ. ಆಮೇಲೆ ನಂದು."

"ಒಂದೂವರೆ."

"ಒಂದು."

ಅತ್ತೆ ಗೋಡೆಯ ಕಡೆಗೆ ಮಗ್ಗುಲಾದರು. ಟೈಲರಕ್ಕ ಹೊಸ್ತಿಲ ಪಕ್ಕ ಕೂತು ದಾರಕ್ಕೆ ಗಂಟು ಹಾಕಿದಳು. ಎರಡನೆಯ ಗುಂಡಿ ಮುಗಿಯುವುದರೊಳಗೆ ಮಂಚದಿಂದ ಗೊರಕೆ ಎದ್ದಿತು. ಅದರ ಮುಂದೆ ಮಷೀನಿನ ಸದ್ದು ಏನೂ ಅಲ್ಲ ಎಂದು ಅವಳಿಗೆ ಅನ್ನಿಸಿತು. ಆದರೂ ಎಬ್ಬಿಸದೆ, ಮೂರನೆಯ ಗುಂಡಿಗೆ ಸೂಜಿ ಚುಚ್ಚಿದಳು.