ಕಾಯಿ ಬ್ಯಾಡ್ರಿ

ಹೊಸ ಟವೆಲ್ಲಿನ ಗಂಜಿಯ ವಾಸನೆ ಬಂದರೆ ಇಂದಿಗೂ ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಸೊಲ್ಲಾಪುರದ ನಮ್ಮ ಮನೆಯಲ್ಲಿ ಕೆಳಗೆ ಅಪ್ಪನ ಟವೆಲ್ ಅಂಗಡಿ, ಮೇಲೆ ನಾವು. ಈಗ ಆ ಮನೆಯೂ ಇಲ್ಲ, ಅಂಗಡಿಯೂ ಇಲ್ಲ. ತಂಗಿ ನೀಲಾ ಶಾಲೆಯಿಂದ ಬಂದವಳೇ ಗಂಟುಗಳ ಹಿಂದೆ ಹೋಗಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಿದ್ದಳು. ಆಟವೆಂದುಕೊಂಡಿದ್ದೆವು.

ಎಂಟು ವರ್ಷ ತುಂಬುವವರೆಗೆ ಅವಳು ಕರಜಗಿಯಲ್ಲಿ ಅಜ್ಜಿಯ ಹತ್ತಿರ ಬೆಳೆದಳು. ಕನ್ನಡವಲ್ಲದೆ ಬೇರೆ ಮಾತು ಬಾರದು. ಅಜ್ಜಿಗೆ ವಯಸ್ಸಾಯಿತೆಂದು ಅಪ್ಪ ಅವರಿಬ್ಬರನ್ನೂ ಸೊಲ್ಲಾಪುರಕ್ಕೆ ಕರೆತಂದು, ನೀಲಾಳನ್ನು ನನ್ನ ಮರಾಠಿ ಶಾಲೆಗೇ ಸೇರಿಸಿದರು. ಮೊದಲ ದಿನ ನಾನೇ ಅವಳನ್ನು ತರಗತಿಯ ಬಾಗಿಲವರೆಗೆ ಬಿಟ್ಟೆ. ಒಳಗಿನಿಂದ ಟೀಚರ್ “ಕಾಯ ಪಾಹಿಜೆ?” ಅಂದರು. ಏನು ಬೇಕು ಎಂದು ಮರಾಠಿಯಲ್ಲಿ ಕೇಳಿದ್ದು. ತೆಂಗಿನಕಾಯಿ ಕೊಡುತ್ತಾರೆಂದು ತಿಳಿದ ನೀಲಾ ಕೈಮುಗಿದು, “ಕಾಯಿ ಬ್ಯಾಡ್ರಿ” ಅಂದಳು. ಮಕ್ಕಳಿಗೆ ತಿಳಿಯಲಿಲ್ಲ. ಕಾಯಿ ಅಂದರೆ ಮರಾಠಿಯಲ್ಲಿ ನಾರಳ ಎಂದು ಅವರಿಗೆ ಬಿಡಿಸಿ ಹೇಳಿದವಳು ನಾನೇ. ತರಗತಿಯೇ ನಕ್ಕಿತು, ನಾನೂ ನಕ್ಕೆ.

ಅಂದಿನಿಂದ ಅವಳ ಹೆಸರು ನಾರಳ. ಆಮೇಲೆ ಹುಡುಗಿಯರು ಅವಳ ತಲೆಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಒಳಗೆ ನೀರಿದೆಯೇ ಎಂದು ಕಿವಿಯಿಟ್ಟು ಕೇಳತೊಡಗಿದರು. ಆಮೇಲೆ ಅವಳ ಪಕ್ಕ ಯಾರೂ ಕೂರದೆ ಬೆಂಚು ಖಾಲಿಯಾಯಿತು. ಕೊನೆಗೆ ಯಾರೂ ಅವಳನ್ನು ಏನೂ ಅನ್ನಲೇ ಇಲ್ಲ. ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಇದ್ದುಬಿಟ್ಟರು. ಆ ಮೌನ ಕಂಡು, ಸದ್ಯ ಎಲ್ಲ ಮುಗಿಯಿತು ಅಂದುಕೊಂಡೆ. ಸೋಮವಾರ ಸೋಮವಾರ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಡಾಕ್ಟರಿಗೆ ಏನೂ ಸಿಗಲಿಲ್ಲ.

ಆ ಹೆಸರನ್ನು ಮನೆಗೆ ತಂದವಳೂ ನಾನೇ. “ಏ ನಾರಳ, ಚಾ ತಾರವಾ,” ಎಂದು ಅಪ್ಪ ಪ್ರೀತಿಯಿಂದಲೇ ಕರೆಯುತ್ತಿದ್ದರು. ಅಜ್ಜಿ ಒಬ್ಬಳೇ ತಡೆದಳು.

“ಹೆಸರ ಹಿಡದ ಕರೀರಿ ಆಕೀನ್ನ.”

“ಚ್ಯಾಷ್ಟಿ ಬೇ ಅವ್ವಾ! ಅದರಾಗೇನೈತಿ?” ಅಪ್ಪ ತಮಾಷೆಯೆಂದು ತಳ್ಳಿಹಾಕಿದರು.

“ಚ್ಯಾಷ್ಟಿ ಆದರ ಆಕೀನೂ ನಗಬೇಕಲ್ಲೋ.”

ದೀಪಾವಳಿ ಬರುವಷ್ಟರಲ್ಲಿ ನೀಲಾ ಕನ್ನಡವನ್ನೇ ಬಿಟ್ಟು, ಮನೆಯಲ್ಲೂ ಮರಾಠಿಯನ್ನೇ ಆಡತೊಡಗಿದಳು. ಅಜ್ಜಿ ಸಾಯುವವರೆಗೂ ಮೊಮ್ಮಗಳ ಬಾಯಿಂದ ತನಗೆ ತಿಳಿಯುವ ಒಂದು ಮಾತೂ ಕೇಳಲಿಲ್ಲ.

ಹೋದ ವರ್ಷ ಆಸ್ಪತ್ರೆಯಲ್ಲಿ, ನೀಲಾಳ ಕೊನೆಯ ವಾರ, ನರ್ಸ್ ಬಗ್ಗಿ “ಕಾಯ ಪಾಹಿಜೆ?” ಎಂದು ಕೇಳಿದಳು. ನೀಲಾ ಬಾಯಿ ತೆರೆದಳು. ಉತ್ತರಿಸುವ ಮೊದಲು ನನ್ನ ಮುಖ ನೋಡಿದಳು, ನಗುತ್ತೇನೋ ಎಂದು. ಆಮೇಲೆ ಬಹಳ ಮೆಲ್ಲಗೆ “ನೀರು” ಅಂದಳು, ಕನ್ನಡದಲ್ಲಿ.

ನರ್ಸಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದವಳು ಈ ಸಲವೂ ನಾನೇ.