ಬಾಗಿಲು ಹಾಕಿಕೊಳ್ಳಲು ಹೇಳಿದ ಸುಳ್ಳು

ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ಹಗಲುಹೊತ್ತು ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಹಾಕಿದರೆ ಒಳಗೆ ಕಾಯಿಲೆಯಿರಬೇಕು, ಇಲ್ಲವೇ ಗಂಡಹೆಂಡಿರ ಜಗಳ. ಮದುವೆಯಾಗಿ ಮಂಗಳೂರಿನಿಂದ ಬಂದ ನನಗೆ ಮಧ್ಯಾಹ್ನ ಎರಡು ತಾಸು ಒಬ್ಬಳೇ ಕುಳಿತು ಕತೆ ಬರೆಯುವ ಆಸೆ. ಹಾಗೆಂದು ಹೇಳಲು ನಾಚಿಕೆ. ಮನೆಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ ಅಕ್ಕಿ ಆರಿಸುವ ಹೆಂಗಸರು ನಕ್ಕಾರು ಎಂದು, "ನನಗೆ ದಿನಾ ಮಧ್ಯಾಹ್ನ ತಲೆನೋವು ಬರ್ತದೆ" ಎಂದುಬಿಟ್ಟೆ. ಕಾನ್ವೆಂಟಿನ ಸಿಸ್ಟರುಗಳು ಸುಳ್ಳಿಗೆ ಎಷ್ಟು ಹೆದರಿಸಿದ್ದರು!

ಎಲ್ಲರೂ ನಂಬಿದರು. ಪಕ್ಕದ ಖೋಲಿಯ ಧಾರವಾಡದ ಕಡೆಯ ಹೆಂಗಸೊಬ್ಬರಂತೂ ಕಾವಲಿಗೇ ನಿಂತರು.

"ಏ ಸುಡುಗಾಡ ಹುಡುಗೂರಾ! ಅಕ್ಕಾರ ತಲಿಶೂಲಿ ಅಂತ ಮಲಗ್ಯಾರ. ಕುದರಿಗತೆ ಓಡಬ್ಯಾಡ್ರಿ!"

ಮರದ ಹಲಗೆಯ ಮೇಲೆ ಮಕ್ಕಳ ಹೆಜ್ಜೆ ತಟ್ಟನೆ ಮೆಲ್ಲಗಾಗುತ್ತಿತ್ತು. ಒಳಗೆ ಚಾಪೆಯ ಮೇಲೆ ಕುಳಿತು ನಾನು ಲೇಖನಿಯನ್ನು ಮಸಿಯಲ್ಲಿ ಅದ್ದುತ್ತಿದ್ದೆ. ನನಗೆ ಸಂತೋಷವೇ ಆಗುತ್ತಿತ್ತು.

ಒಂದು ದಿನ ನಾಲ್ಕು ಗಂಟೆಗೆ ಬಾಗಿಲು ತೆಗೆದರೆ ಅವರು ನನ್ನ ಹೊಸ್ತಿಲ ಪಕ್ಕದಲ್ಲೇ ಗೋಡೆಗೊರಗಿ ಕುಳಿತಿದ್ದರು.

"ತಲಿ ಹಗುರಾತೇನ್ರಿ ಅಕ್ಕಾರ?" ಎಂದು ಮೊದಲು ಕೇಳಿದರು. ಆಮೇಲೆ ಮುಷ್ಟಿ ಬಿಚ್ಚಿದರು. ಅಂಚೆಯ ತಾರು. ಬೆವರಿಗೆ ಅದರ ಮಡಿಕೆಗಳು ಮೆತ್ತಗಾಗಿದ್ದವು. "ಎರಡಕ್ಕ ಬಂತ್ರಿ."

ಅದು ಇಂಗ್ಲಿಷಿನಲ್ಲಿತ್ತು. ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ನಮ್ಮ ಮಾಳಿಗೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ.

"ಅಯ್ಯೋ, ನನ್ನನ್ನು ಎಬ್ಬಿಸಬಾರದಿತ್ತಾ?"

"ಬ್ಯಾನಿ ಇದ್ದೋರ್ನ ಹೆಂಗ ಎಬ್ಬಿಸ್ಲಿ? ಕೆಳಗ ಅಂಗಡ್ಯಾವನ ಕಡೆ ಓದಸಾಕ ಧೈರ್ಯ ಆಗ್ಲಿಲ್ಲ. ನೀವ ಓದ್ರಿ."

ತಾಯಿಗೆ ತುಂಬ ಜಡ್ಡು, ಕೂಡಲೇ ಹೊರಟು ಬಾ ಎಂದಿತ್ತು. ಎರಡಕ್ಕೇ ಓದಿದ್ದರೆ ಅವರು ಹಿಡಿಯಬಹುದಾಗಿದ್ದ ಗಾಡಿ ಅಷ್ಟರಲ್ಲಿ ಬೋರಿಬಂದರು ಸ್ಟೇಷನ್ ಬಿಟ್ಟಾಗಿತ್ತು. ತಾರು ಹಿಡಿದ ನನ್ನ ಬೆರಳಿನ ಮಸಿಯನ್ನು ಅವರು ನೋಡಿದರೋ ಇಲ್ಲವೋ, ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಂಥ ಹೊತ್ತಿನಲ್ಲೂ.

ತಿಂಗಳಾದ ಮೇಲೆ ಮರಳಿದರು. "ನಾ ಮುಟ್ಟೂದ್ರಾಗ ಅವ್ವನ ಮಣ್ಣ ಆಗಿತ್ರಿ" ಎಂದರು. ನನಗೆ ತಡೆಯಲಾಗಲಿಲ್ಲ. ತಲೆನೋವು ಇರಲೇ ಇಲ್ಲ, ಒಳಗೆ ಕತೆ ಬರೆಯುತ್ತಿದ್ದೆ ಎಂದು ಹೇಳಿಬಿಟ್ಟೆ. ಬೈದಾರು ಎಂದುಕೊಂಡಿದ್ದೆ. ಅವರು ಮಡಿಲಿನಲ್ಲಿದ್ದ ಕೊತ್ತಂಬರಿಯ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಲೇ ಇದ್ದರು.

"ಬರೀತೀನಿ ಅಂದಿದ್ರ ಹುಡುಗೂರ್ನ ಆವಾಗೂ ಸುಮ್ಮ ಕುಂದರಸ್ತಿದ್ನಲ್ಲರೀ," ಎಂದರು ಕೊನೆಗೆ. "ಬರಿಯೋರ್ನಾದ್ರ ಬಾಗಲಾ ಬಡದ ಕರೀತಿದ್ದೆ."

ನಾನೂ ಕೊತ್ತಂಬರಿಯ ಒಂದು ಕಡ್ಡಿ ತೆಗೆದುಕೊಂಡು ಎಲೆ ಬಿಡಿಸತೊಡಗಿದೆ.

ತಾರು ಬಂದ ದಿನ ಬರೆಯುತ್ತಿದ್ದ ಆ ಕತೆ ಮುಗಿಯಿತು, ಊರಿನ ಪತ್ರಿಕೆಯೊಂದರಲ್ಲಿ ಅಚ್ಚೂ ಆಯಿತು. "ಬಂತೇನ್ರಿ ನಿಮ್ಮ ಕತಿ? ನನಗೂ ಒಂದಿಷ್ಟ ಓದಿ ಹೇಳ್ರಲಾ," ಎಂದು ಅವರು ಎರಡು ಸಲ ಕೇಳಿದರು. ಎರಡು ಸಲವೂ ನಾನು, ಇನ್ನೂ ಬಂದಿಲ್ಲ ಎಂದೆ.