ಹೊತ್ತು ಮುಳುಗುವ ಮೊದಲು ಕೂಡಿದ ಸಮಿತಿ

ದಿಲ್ಲಿಯಲ್ಲೋ ಮುಂಬಯಿಯಲ್ಲೋ ಬ್ಯಾಂಕಿನ ಕಾಯ್ದೆ ಬದಲಿಸುವ ಮಸೂದೆ ಸಮಿತಿಗೆ ಹೋಯಿತು ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಸಮಿತಿಗೆ ಹೋದದ್ದು ಏನಾಗುತ್ತದೆ ಅನ್ನುವುದನ್ನು ಗಡಹಿಂಗ್ಲಜದ ನಾವು ಚೆನ್ನಾಗಿ ಬಲ್ಲೆವು.

ನಮ್ಮೂರ ಪತಸಂಸ್ಥೆ ಸದಸ್ಯರೇ ಸೇರಿ ನಡೆಸುವ ಸಾಲದ ಸಂಘ. ಅಲ್ಲಿ ಹೆಂಗಸು ಸಾಲ ಕೇಳಿದರೆ ಮನೆಯ ಗಂಡಸೊಬ್ಬನ ಸಹಿ ಬೇಕಿತ್ತು. ಈ ನಿಯಮ ತೆಗೆಯಿರಿ ಅಂತ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಅರ್ಜಿ ಕೊಟ್ಟಿದ್ದಳು. ಅವಳದು ಹಿಟ್ಟಿನ ಗಿರಣಿ. ಪಕ್ಕದಲ್ಲೇ ಮೆಣಸಿನಕಾಯಿ ಕುಟ್ಟುವ ಯಂತ್ರ ಕೂಡಿಸಬೇಕು ಅನ್ನುವುದು ಬಹಳ ದಿನದ ಆಸೆ. ಕೊಲ್ಹಾಪುರದ ವ್ಯಾಪಾರಿಯೊಬ್ಬ ಒಳ್ಳೆಯದೊಂದನ್ನು ದೀಪಾವಳಿಯವರೆಗೆ ಅವಳಿಗೆಂದೇ ತೆಗೆದಿರಿಸಿದ್ದ. ಸಹಿ ಹಾಕಲು ಅಪ್ಪ ತುದಿಗಾಲಲ್ಲಿ ನಿಂತಿದ್ದ. ಅತ್ತೆಗೆ ಅದೇ ಬೇಡವಾಗಿತ್ತು.

“ಗಿರಣಿ ನಂದು, ದುಡಿಯೂ ಕೈ ನಂದು. ಸಹಿ ಯಾಕ ಅವಂದು? ಯಂತ್ರ ಹೋದ್ರ ಹೋಗ್ಲಿ,” ಅನ್ನುತ್ತಿದ್ದಳು.

ಆದರೆ ನಿಯಮದ ಮಾತು ವಾರ್ಷಿಕ ಸಭೆಗೆ ಬರಬೇಕಾದರೆ ಮೊದಲು ನಿಯಮ ಸಮಿತಿ ಒಪ್ಪಬೇಕು. ಅದರಲ್ಲಿ ಸಂಘದ ಅಧ್ಯಕ್ಷರೂ ಸೇರಿ ಮೂವರು. ಅಧ್ಯಕ್ಷರು ಕರೆದರೆ ಮಾತ್ರ ಅದು ಕೂಡುವುದು, ಅಧ್ಯಕ್ಷರು ಕರೆಯುತ್ತಿರಲಿಲ್ಲ. ಊರೆಲ್ಲ ಕಾಕಾ ಅನ್ನುವ ಬೆಲ್ಲದ ವ್ಯಾಪಾರಿ ಅವರು. ಅತ್ತೆ ಅಂಗಡಿಗೆ ಹೋದಾಗಲೆಲ್ಲ ಚಹಾ ತರಿಸಿ, “ವಿಚಾರ ಮಾಡೂಣು, ತಂಗೀ,” ಅನ್ನುತ್ತಿದ್ದರು. ಒಮ್ಮೆ ಮದುವೆ ಸೀಸನ್ನು, ಒಮ್ಮೆ ಕಬ್ಬಿನ ಹಂಗಾಮು, ಒಮ್ಮೆ ಚುನಾವಣೆ. ಬೇಡ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಚಹಾ ಕುಡಿಸುವವರ ಜೊತೆ ಹೇಗೆ ಆಡುವುದು? ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷದ ಸಭೆ ಚಾತುರ್ಮಾಸದಲ್ಲಿ ಬಂತು. ಮಳೆಗಾಲದ ಆ ತಿಂಗಳುಗಳಲ್ಲಿ ನಮ್ಮಂಥ ಜೈನರು ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ. ಸದಸ್ಯರಲ್ಲಿ ಅರ್ಧಕ್ಕರ್ಧ ನಾವೇ. ಸಭೆ ಶುರುವಾದದ್ದೇ ತಡವಾಗಿ. ಅಡುಗೆಮನೆಯಿಂದ ತುಪ್ಪದ ಶಿರಾದ ಘಮ ಬೇರೆ. ಹೀಗಾಗಿ ವೇದಿಕೆಯಿಂದ ಏನು ಓದಿದರೂ, ಮುಗಿಯುವ ಮೊದಲೇ ಜನ “ಮಂಜೂರ, ಮಂಜೂರ” ಅನ್ನುತ್ತಿದ್ದರು.

“ಯಾರರ ಏನರ ಕೇಳೂದೈತೇನ್ರಿ?” ಅಂತ ಕೊನೆಗೆ ಕಾಕಾ ಕೇಳಿದರು. ಪ್ರತಿ ವರ್ಷ ಕೇಳುತ್ತಾರೆ, ಯಾರೂ ಏಳುವುದಿಲ್ಲ. ಅತ್ತೆ ಎದ್ದು ಮೈಕ್ ಹಿಡಿದಳು.

“ಕಾಕಾ, ನಿಯಮ ಸಮಿತಿ ಯಾವಾಗ ಕೂಡತೈತ್ರಿ?”

“ವಿಚಾರ ಮಾಡೂಣು, ತಂಗೀ.”

“ಮಾಡ್ರಿ. ನೀವು ಹೇಳೂತನಾ ನಾ ನಿಂತಿರ್ತೇನಿ.”

ನಿಂತೇಬಿಟ್ಟಳು. ಸಭೆ ಮುಗಿಯದೆ ಊಟವಿಲ್ಲ. ಹೊರಗೆ ಮೋಡ ಕವಿದು ಸೂರ್ಯ ಕಾಣುತ್ತಿರಲಿಲ್ಲ, ಎಲ್ಲರ ಕಣ್ಣೂ ಗೋಡೆ ಗಡಿಯಾರದ ಮೇಲೆ. ಮುಂದಿನ ಸಾಲಿನ ಅಜ್ಜಂದಿರು ಕುರ್ಚಿಯಲ್ಲಿ ಮಿಸುಕಾಡಿದರು. ಹೆಂಗಸರು ಸೆರಗಿನ ಮರೆಯಲ್ಲಿ ನಗತೊಡಗಿದರು. ಅತ್ತೆಯದೂ ಅದೇ ವ್ರತ, ಅವಳ ಹೊಟ್ಟೆಯೂ ಖಾಲಿ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

“ಸಮಿತಿಯವರು ಮೂರೂ ಮಂದಿ ಮ್ಯಾಲೇ ಕುಂತೀರಲ್ರಿ! ಇಲ್ಲೇ ಕೂಡ್ರಿ!”

ಕೂಗಿದ್ದು ನಾನೇ. ಅಷ್ಟು ದೊಡ್ಡ ದನಿ ನನಗಿದೆ ಅಂತ ನನಗೇ ಗೊತ್ತಿರಲಿಲ್ಲ.

ಸಮಿತಿಯ ಉಳಿದಿಬ್ಬರು ಗಡಿಯಾರ ನೋಡಿದವರೇ ಕೈ ಎತ್ತಿದರು. ಕಾಕಾ ಅವರನ್ನು ನೋಡಿದರು, ಅತ್ತೆಯನ್ನು ನೋಡಿದರು, ಕೊನೆಗೆ ನಕ್ಕುಬಿಟ್ಟರು. “ಆತ ಬಿಡ್ರಪಾ. ಸಮಿತಿ ಕೂಡ್ತು, ಒಪ್ಪಿತು. ನೀವೇನಂತೀರಿ?”

“ಮಂಜೂರ!” ಸೂರು ಹಾರಿಹೋಗುವ ಹಾಗೆ ಕೂಗಿದೆವು. ಜನ ತಾಟಿನ ಕಡೆ ಓಡಿದರು. ಅತ್ತೆ ಮಾತ್ರ ವೇದಿಕೆ ಹತ್ತಿ, “ಠರಾವು ಬರೀರಿ, ಆಮ್ಯಾಲ ಊಟ,” ಅಂದಳು. ಕಾಕಾ ಬರೆಯುವುದು ನಿಧಾನ. ಬರೆದು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತ್ತು.

“ಶಿರಾ ತಪ್ಪಿಸಿದಿ ನೋಡ, ತಂಗೀ.”

“ಮುಂಜಾನೆ ಮನಿಗೆ ಬರ್ರಿ, ನಾಷ್ಟಾ ನಂದು. ಬರೂಮುಂದ ಸಾಲದ ಫಾರ್ಮ್ ತರ್ರಿ.”

ಕಾಕಾ ಬೆಳಿಗ್ಗೆಯೇ ಬಂದರು. ಬಿಸಿ ಶಿರಾ ಎರಡು ಸಲ ಹಾಕಿಸಿಕೊಂಡು, ಫಾರ್ಮ್ ತೆಗೆದು ಅತ್ತೆಯ ಮುಂದಿಟ್ಟರು. ಅಪ್ಪ ರೂಢಿಯಂತೆ ಕನ್ನಡಕ ಏರಿಸಿ, ಪೆನ್ನು ಹಿಡಿದು ಬಂದು ನಿಂತ.

ಅತ್ತೆ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. “ನೀ ಹೋಗಿ ಚಾ ಮಾಡಣ್ಣಾ.”

ಅಪ್ಪ ಹೋಗಿ ಚಹಾ ಮಾಡಿದ. ಸಕ್ಕರೆ ಹಾಕುವುದನ್ನು ಮರೆತು, ಬಾಗಿಲಲ್ಲಿ ನಿಂತು ತಂಗಿ ಸಹಿ ಹಾಕುವುದನ್ನು ನೋಡುತ್ತಿದ್ದ.